ಒಂದು ಚಪ್ಪರಕ್ಕೆ ಮೂವರು ಒಡೆಯರು: ಕೊಡಗು ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಹಾಗೂ ರಸ್ತೆ, ವಿದ್ಯುತ್, ಅರಣ್ಯ ಈ ಮೂರೂ ಕಡೆಯ ಅಧಿಕಾರಿಗಳೇ,

ರಸ್ತೆಯ ಎಡಬದಿಯ ಕೊಂಬೆಗಳು ಬಲಬದಿಯ ಕೊಂಬೆಗಳೊಳಗೆ ಹೆಣೆದುಕೊಂಡು ತಲೆಯ ಮೇಲೆ ಚಪ್ಪರ ಕಟ್ಟಿರುವ ಜಾಗಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ ಎಂಬ ಲೆಕ್ಕ ನಿಮ್ಮ ಯಾವ ಕಡತದಲ್ಲೂ ಇರಲಾರದು. ರಸ್ತೆಯ ಉದ್ದದ ಲೆಕ್ಕವಿದೆ, ವಿದ್ಯುತ್ ಕಂಬಗಳ ಲೆಕ್ಕವಿದೆ, ಕಡಿದ ಮರದ ನಾಟಾ ಎಷ್ಟು ಘನ ಮೀಟರ್ ಆಯಿತು ಎಂಬ ಲೆಕ್ಕವಂತೂ ಚೆನ್ನಾಗಿಯೇ ಇದೆ. ಚಪ್ಪರದ ಲೆಕ್ಕ ಮಾತ್ರ ಇಲ್ಲ. ಲೆಕ್ಕದಲ್ಲಿ ಇಲ್ಲದ್ದು ಕಳೆದುಹೋದರೆ ಯಾರೂ ಉತ್ತರ ಕೊಡಬೇಕಾಗಿಲ್ಲವಲ್ಲ, ಅದಕ್ಕಾಗಿ ಈ ಪತ್ರ.

ದೊಡ್ಡ ರಸ್ತೆಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಕುಶಾಲನಗರ ಬಿಟ್ಟು ಸುಂಟಿಕೊಪ್ಪದ ಕಡೆಗೆ ಬರುವಾಗ ಸಿಗುವ ಆನೆಕಾಡು, ತಿತಿಮತಿಯಿಂದ ಆನೆಚೌಕೂರಿನ ಕಡೆಗೆ ಹೋಗುವ ರಸ್ತೆ, ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವ ಘಾಟಿ, ಭಾಗಮಂಡಲದಿಂದ ಕರಿಕೆಗೆ ಹೋಗುವ ದಾರಿ, ಇವೆಲ್ಲ ಕಾಡಿನ ನಡುವೆ ಇವೆ. ಅಲ್ಲಿ ಒಂದು ಕೊಂಬೆ ಮುಟ್ಟಬೇಕಾದರೂ ಅರಣ್ಯ ಕಾನೂನು ಅಡ್ಡ ಬರುತ್ತದೆ, ಪತ್ರಿಕೆಯವರ ಕಣ್ಣೂ ಬೀಳುತ್ತದೆ. ನನ್ನ ಚಿಂತೆ ಆ ರಸ್ತೆಗಳದ್ದಲ್ಲ. ನಾಪೋಕ್ಲು, ಕಕ್ಕಬ್ಬೆ, ಚೇರಂಬಾಣೆ, ಅಮ್ಮತ್ತಿ, ಪಾಲಿಬೆಟ್ಟ, ಸಿದ್ದಾಪುರದ ಕಡೆಗಳಲ್ಲಿ ಎರಡು ತೋಟಗಳ ನಡುವೆ ಹಾವಿನಂತೆ ಹರಿದಿರುವ ಊರ ರಸ್ತೆಗಳದ್ದು. ಒಂದು ಜೀಪು ಬಂದರೆ ಎದುರಿನವನು ಬೇಲಿಗೆ ಒರಗಬೇಕಾದ ಓಣಿಗಳದ್ದು. ಐನ್‌ಮನೆಗಳಿಗೆ, ಅಂದರೆ ಕೊಡವ ಕುಟುಂಬಗಳ ಮೂಲಮನೆಗಳಿಗೆ, ಹೋಗುವ ಹಳೆಯ ಓಣಿಗಳಲ್ಲಿ ಇಕ್ಕೆಲದ ಮಣ್ಣಿನ ಬರೆ ಆಳೆತ್ತರ ಇರುತ್ತದೆ, ಆ ಬರೆಯನ್ನು ಹಿಡಿದು ನಿಂತಿರುವುದು ಮರದ ಬೇರು. ಈ ಮರಗಳನ್ನು ಕೇಳುವವರು ಇಲ್ಲ.

ಇಲ್ಲ ಎಂದರೆ ತಪ್ಪಾಗಬಹುದು. ಕೇಳುವವರು ಮೂವರಿದ್ದಾರೆ, ತೊಂದರೆಯೇ ಅದು.

ನಮ್ಮ ಓಣಿಯ ತಿರುವನ್ನೇ ತೆಗೆದುಕೊಳ್ಳಿ. ಚಪ್ಪರ ಕಟ್ಟಿರುವುದು ಮುಖ್ಯವಾಗಿ ಮೂರು ಮರ. ಹಲಸು ರಸ್ತೆಯ ಅಂಚಿನಲ್ಲಿದೆ, ಆದ್ದರಿಂದ ಅದು ರಸ್ತೆಯವರದ್ದು. ಎದುರಿನ ನಂದಿಮರ ತೋಟದ ಬೇಲಿಯೊಳಗಿದೆ. ಆದರೆ ಆ ಜಾಗ ಅನ್‌ರಿಡೀಮ್ಡ್, ಅಂದರೆ ನೆಲ ಬೆಳೆಗಾರನದ್ದು, ಮರದ ಮೇಲಿನ ಹಕ್ಕು ಸರ್ಕಾರದ್ದು. ಹತ್ತು ಹೆಜ್ಜೆ ಮುಂದಿನ ಗೋಳಿ ಪೈಸಾರಿಯಲ್ಲಿದೆ, ಅಂದರೆ ಸರ್ಕಾರಿ ಪಾಳು ಜಮೀನಿನಲ್ಲಿ. ಮೂರರ ನಡುವೆ ಹಾದುಹೋಗುವ ತಂತಿ ವಿದ್ಯುತ್ತಿನವರದ್ದು. ಕೊಡಗಿನ ಜಮೀನಿನ ಹಕ್ಕುಗಳ ಗೋಜಲನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಜಮ್ಮಾ ಬಾಣೆಯ, ಅಂದರೆ ವಂಶಪಾರಂಪರ್ಯವಾಗಿ ಬಂದ ಗುಡ್ಡದ ಜಮೀನಿನ, ಪ್ರಶ್ನೆ ಹಿಡಿದು ನಮ್ಮ ಹಿರಿಯರು ತಲೆಮಾರುಗಟ್ಟಲೆ ಕಚೇರಿ ಅಲೆದಿದ್ದಾರೆ. ಆದರೆ ಮರಗಳು ಪಹಣಿ ಓದಿಲ್ಲ. ಮೇಲೆ ಮೂರೂ ಒಂದಾಗಿವೆ, ಕೆಳಗೆ ಬೇರುಗಳೂ ಒಂದಾಗಿವೆ. ಯಾವ ಇಲಾಖೆ ಕತ್ತಿ ಎತ್ತಿದರೂ ಅದು ತನ್ನ ಒಂದು ಮರವನ್ನಷ್ಟೇ ನೋಡುತ್ತದೆ, ಉಳಿದೆರಡರ ಗತಿ ಏನೆಂದು ಕೇಳುವ ಹೊಣೆ ಯಾರದೂ ಅಲ್ಲ.

ಕಳೆದ ಬೇಸಿಗೆಯ ಕೊನೆಯಲ್ಲಿ ಇಲ್ಲಿಗೆ ಗುತ್ತಿಗೆಯ ಆಳುಗಳು ಬಂದರು. ಯಾವ ಇಲಾಖೆಯ ಗುತ್ತಿಗೆ, ಯಾರ ಗುತ್ತಿಗೆ ಎಂದು ಬರೆಯುವುದಿಲ್ಲ, ಬರೆದರೆ ಮಾತು ಆ ಹೆಸರಿನ ಸುತ್ತ ತಿರುಗಿ ಮರದ ಸಂಗತಿ ಮೂಲೆಗೆ ಬೀಳುತ್ತದೆ. ಹಲಸಿನ ಮರದ ರಸ್ತೆಯ ಕಡೆಯ ಕೊಂಬೆಗಳನ್ನಷ್ಟೇ ಕಡಿದರು, ತೋಟದ ಕಡೆಯವನ್ನು ಮುಟ್ಟಲಿಲ್ಲ. ಅವರಿಗೆ ಕೊಟ್ಟ ಆದೇಶ ಅಷ್ಟೇ ಇತ್ತೆಂದು ಕಾಣುತ್ತದೆ. ಕಡಿದದ್ದಾದರೂ ಹೇಗೆ? ಕಾಂಡದಿಂದ ಒಂದೂವರೆ ಮೊಳ ಮೋಟು ಬಿಟ್ಟು, ಮೇಲಿನಿಂದ ಒಂದೇ ಪೆಟ್ಟಿಗೆ. ಕೊಂಬೆ ತನ್ನ ಭಾರಕ್ಕೆ ಸೀಳಿ, ತೊಗಟೆಯನ್ನು ಕಾಂಡದ ಮೇಲೆ ಕೈ ಅಗಲದ ಪಟ್ಟಿಯಾಗಿ ಸುಲಿದುಕೊಂಡೇ ಕೆಳಗೆ ಬಿತ್ತು. ಹಲಸಿನ ಅಂಟು ವಾರಗಟ್ಟಲೆ ಸೋರಿತು. ಮಳೆ ಹಿಡಿದ ಮೇಲೆ ಮೋಟಿನ ತುದಿಯಲ್ಲಿ ಚಿಗುರಿನ ಪೊದೆ ಎದ್ದಿತು. ನೋಡುವವರಿಗೆ ಮರ ಚೇತರಿಸಿಕೊಂಡಿತು ಅನ್ನಿಸುತ್ತದೆ. ಆದರೆ ಆ ಚಿಗುರು ಹಳೆಯ ಕೊಂಬೆಯ ಹಾಗೆ ಮರದ ಒಳತಿರುಳಿನೊಂದಿಗೆ ಬೆಳೆದು ಬಂದದ್ದಲ್ಲ, ತೊಗಟೆಯ ಅಡಿಯಿಂದ ಎದ್ದದ್ದು. ಅದು ದಪ್ಪವಾಗಿ ಭಾರ ಹೊರುವ ಹೊತ್ತಿಗೆ ಒಳಗಿನ ಮೋಟು ಕೊಳೆತಿರುತ್ತದೆ. ಇನ್ನು ಕೆಲವು ವರ್ಷಕ್ಕೆ ಆ ಕೊಂಬೆಯೇ ರಸ್ತೆಯ ಮೇಲೆ ಬೀಳುತ್ತದೆ. ಆಗ ಮರವೇ ಅಪಾಯಕಾರಿ ಎಂದು ಬುಡಕ್ಕೆ ಗರಗಸ ಇಡುತ್ತಾರೆ.

ಇನ್ನೊಂದು ಮಗ್ಗುಲೂ ಇದೆ. ನಮ್ಮ ಕಡೆ ಮುಂಗಾರಿನ ಗಾಳಿ ಪಶ್ಚಿಮದಿಂದ ಬರುತ್ತದೆ. ರಸ್ತೆಯ ಕಡೆಯ ಕೊಂಬೆ ತೆಗೆದು ತೋಟದ ಕಡೆಯವನ್ನು ಹಾಗೆಯೇ ಬಿಟ್ಟ ಮರ, ಒಂದು ಮಗ್ಗುಲಿನ ಹೊರೆ ಇಳಿಸಿದ ಕಾವಡಿಯ ಹಾಗೆ ವಾಲುತ್ತದೆ. ಚಪ್ಪರದೊಳಗೆ ಬೆಳೆದ ಮರ ಚಿಕ್ಕಂದಿನಿಂದಲೂ ಅಕ್ಕಪಕ್ಕದ ಮರಗಳ ಆಸರೆಯಲ್ಲಿ ನಿಂತದ್ದು. ಗಾಳಿಯ ಹೊಡೆತವನ್ನು ಎಲ್ಲವೂ ಹಂಚಿಕೊಂಡೇ ತಡೆದಿರುತ್ತವೆ. ನಡುವಿನ ಒಂದನ್ನು ತೆಗೆದರೆ ಪಕ್ಕದ್ದು ಒಮ್ಮೆಗೇ ಬಯಲಿಗೆ ಬೀಳುತ್ತದೆ. ಅಂಥ ಗಾಳಿಗೆ ಎದೆಯೊಡ್ಡುವ ಬೇರು ಅದು ಬಿಟ್ಟಿರುವುದೇ ಇಲ್ಲ. ಹಾಗಾಗಿ ಈ ವರ್ಷ ಒಂದು ಮರ ಕಡಿದ ಜಾಗದಲ್ಲಿ ಮುಂದಿನ ಮಳೆಗಾಲಕ್ಕೆ ಎರಡನೆಯದು ತಾನಾಗಿಯೇ ಉರುಳುತ್ತದೆ. "ನೋಡಿ, ನಾವು ಹೇಳಿರಲಿಲ್ಲವೇ, ಈ ಮರಗಳೆಲ್ಲ ಅಪಾಯಕಾರಿ" ಎನ್ನಲು ಅದೇ ಸಾಕ್ಷಿಯಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ಜೆಸಿಬಿ. ಕುಡಿಯುವ ನೀರಿನ ಪೈಪಿಗೆ, ಕೇಬಲ್ಲಿಗೆ, ಚರಂಡಿಗೆ ಎಂದು ಮರದ ಬುಡಕ್ಕೆ ಅಂಟಿಕೊಂಡೇ ಅಗೆಯುತ್ತಾರೆ. ಮರವನ್ನು ನಿಲ್ಲಿಸುವ ದಪ್ಪ ಬೇರುಗಳು ಇರುವುದು ಮೇಲ್ಮಣ್ಣಿನಲ್ಲೇ. ಜೆಸಿಬಿಯ ಬಾಯಿ ಒಂದು ಸಲ ಹಾಯ್ದರೆ ರಸ್ತೆಯ ಕಡೆಯ ಬೇರಿನ ಅರ್ಧ ಹೋಯಿತು. ಗುಂಡಿ ಮುಚ್ಚಿ ಅದರ ಮೇಲೆ ಕಾಂಕ್ರೀಟ್ ಹಾಕಿದರೆ ಮೇಲೆ ಏನೂ ಕಾಣದು. ಮರ ಒಂದೆರಡು ವರ್ಷ ನಿಂತಿರುತ್ತದೆ. ಆಮೇಲೆ ನೆಲ ನೆನೆದ ಒಂದು ಜುಲೈ ರಾತ್ರಿ ಅದು ಉರುಳಿದಾಗ, ಅದಕ್ಕೂ ಆ ಪೈಪಿಗೂ ಸಂಬಂಧ ಉಂಟೆಂದು ಯಾರ ನೆನಪಿಗೂ ಬರುವುದಿಲ್ಲ. ಮರದ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇಲ್ಲದ ಜಾಗ ಬಿಡಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಯ ಮರಗಳ ವಿಷಯದಲ್ಲಿ ಆದೇಶಿಸಿತ್ತು. ದೆಹಲಿಯ ಪಾದಚಾರಿ ದಾರಿಯ ಮರಕ್ಕೆ ಸಿಕ್ಕ ಆ ಒಂದು ಮೀಟರ್ ನಮ್ಮ ಹಲಸಿಗೆ ಸಿಗಬಾರದೇ?

ಮರ ಬಿದ್ದು ಜನ ಸಾಯುತ್ತಾರೆ ಎಂಬುದನ್ನು ನಾನು ಮರೆತಿಲ್ಲ. ಮಳೆಗಾಲದ ಕೊಡಗಿನಲ್ಲಿ ಬದುಕುವ ಯಾರಿಗೂ ಅದು ಮರೆಯುವಂಥದ್ದಲ್ಲ. ಶಾಲೆಯ ಮಕ್ಕಳು ಹೋಗುವ ದಾರಿಯಲ್ಲಿ ಒಣಗಿದ ಮರ ನಿಂತಿದ್ದರೆ, ಕಾಂಡದ ಬುಡದಲ್ಲಿ ಅಣಬೆ ಎದ್ದಿದ್ದರೆ, ಪೊಳ್ಳಾಗಿದ್ದರೆ, ಅದನ್ನು ತೆಗೆಯಲೇಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾಡಳಿತಕ್ಕೆ ಕೊಟ್ಟಿರುವ ಅಧಿಕಾರವನ್ನು ಬಳಸಿಯೇ ತೆಗೆಯಿರಿ, ನಾವು ಅಡ್ಡ ಬರುವುದಿಲ್ಲ. ನನ್ನ ತಕರಾರು ಇಷ್ಟೇ: ಯಾವ ಮರ ಬೀಳುತ್ತದೆ ಎಂದು ನೋಡಲು ಮೇ ತಿಂಗಳ ಕೊನೆಯ ವಾರದವರೆಗೆ ಏಕೆ ಕಾಯುತ್ತೀರಿ? ಆಗ ನೋಡಲು ಪುರಸೊತ್ತು ಇರುವುದಿಲ್ಲ, ಕಡಿಯಲು ಮಾತ್ರ ಪುರಸೊತ್ತು ಇರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಒಣ ಹವೆಯಲ್ಲಿ ನೋಡಿದರೆ ಯಾವುದು ಒಣಗಿದೆ, ಯಾವುದು ವಾಲಿದೆ, ಯಾವುದರ ಬುಡದ ಮಣ್ಣು ಬಿರುಕು ಬಿಟ್ಟಿದೆ ಎಂಬುದೆಲ್ಲ ತಿಳಿಯುತ್ತದೆ.

ರಸ್ತೆಯ ಎಂಜಿನಿಯರುಗಳ ದೂರು ಬೇರೆ. ಮಳೆ ನಿಂತರೂ ಮರದ ಹನಿ ನಿಲ್ಲದು, ಹನಿಗೆ ಡಾಂಬರು ಏಳುತ್ತದೆ, ರಸ್ತೆ ಒಣಗುವುದಿಲ್ಲ, ಪಾಚಿ ಕಟ್ಟಿ ಬೈಕಿನವರು ಜಾರುತ್ತಾರೆ, ಎಲೆ ಬಿದ್ದು ಮೋರಿ ಕಟ್ಟುತ್ತದೆ. ಇದರಲ್ಲಿ ಸುಳ್ಳಿಲ್ಲ. ಆದರೆ ನೆರಳಿಲ್ಲದ ರಸ್ತೆಗಳು ನಮ್ಮಲ್ಲಿ ಎಷ್ಟು ಮಳೆಗಾಲ ಬಾಳುತ್ತಿವೆ ಎಂದು ಅವರೇ ಹೇಳಲಿ. ಡಾಂಬರಿಗೆ ನಿಜವಾದ ಶತ್ರು ಮೇಲಿನಿಂದ ಬೀಳುವ ಹನಿಗಿಂತ ಹೆಚ್ಚಾಗಿ ಹರಿದುಹೋಗಲು ದಾರಿಯಿಲ್ಲದೆ ನಿಂತ ನೀರು. ರಸ್ತೆಯ ನಡುವೆ ಉಬ್ಬು ಕೊಡದೆ, ಬದಿಯಲ್ಲಿ ಚರಂಡಿ ತೆಗೆಯದೆ, ತೆಗೆದ ಚರಂಡಿಯ ಹೂಳನ್ನು ಮೇ ತಿಂಗಳಲ್ಲಿ ಎತ್ತದೆ, ತಪ್ಪನ್ನು ಹಲಸಿನ ಎಲೆಯ ಮೇಲೆ ಹೊರಿಸುವುದು ಸುಲಭ. ಬೇಸಿಗೆಯಲ್ಲಿ ಅದೇ ನೆರಳು ಡಾಂಬರು ಕಾದು ಗಡಸಾಗುವುದನ್ನು ತಡೆಯುತ್ತದೆ ಎಂಬ ಮಾತು ಅಂದಾಜುಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಪಾಚಿ ಕಟ್ಟುವ ತಿರುವುಗಳಲ್ಲಿ ಕೆಳಗಿನ ಒಂದೆರಡು ಕೊಂಬೆ ತೆಗೆಸಿ ಬೆಳಕು ಬಿಡಿ. ಅಷ್ಟಕ್ಕೆ ಚಪ್ಪರ ಹರಿಯಬೇಕಾಗಿಲ್ಲ.

ಬರೆಯ ಮಾತು ಬಂದರೆ ಕೊಡಗಿನವರಿಗೆ 2018ರ ಭೂಕುಸಿತ ನೆನಪಾಗುತ್ತದೆ. ಆ ಜೂನ್‌ನಲ್ಲಿ ಮಾಕುಟ್ಟ ರಸ್ತೆ, ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲ. ಆ ಮೇಲೆ 2019ರಲ್ಲಿ ತೋರ, 2020ರಲ್ಲಿ ಬ್ರಹ್ಮಗಿರಿ. ಕಾರಣ ಮಳೆಯೊಂದೇ ಅಲ್ಲ, ರಸ್ತೆಗೂ ಮನೆಗೂ ಗುಡ್ಡವನ್ನು ನೇರವಾಗಿ ಕಡಿದು ನೀರಿನ ದಾರಿ ಕೆಡಿಸಿದ್ದೂ ಕಾರಣ ಎಂದು 2018ರ ಕುಸಿತಗಳ ಬಗ್ಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೇ ಹೇಳಿತು. ಗುಡ್ಡವೇ ಜಾರುವಾಗ ಒಂದು ಗೋಳಿಮರ ಅದನ್ನು ತಡೆಯುತ್ತದೆ ಎಂದು ನಾನು ವಾದಿಸುವುದಿಲ್ಲ. ಆದರೆ ಎಂಟು, ಹತ್ತು ಅಡಿಯ ರಸ್ತೆಬದಿಯ ಬರೆ ಕುಸಿಯುವುದು ಬೇರೆ ಮಾತು. ಅದನ್ನು ಹಿಡಿದಿರುವುದು ಮರದ ಬೇರು. ಮರ ಕಡಿದು ಮೂರ್ನಾಲ್ಕು ವರ್ಷಕ್ಕೆ ಬೇರು ಕೊಳೆತಾಗ ಬರೆ ಕುಸಿಯುತ್ತದೆ. ಆಗ ತಡೆಗೋಡೆಯ ಟೆಂಡರ್ ಕರೆಯುತ್ತೀರಿ. ಮರ ಮಾಡುತ್ತಿದ್ದದ್ದು ಅದೇ ಕೆಲಸ, ಟೆಂಡರ್ ಇಲ್ಲದೆ.

ಆ ಚಪ್ಪರದ ಮೇಲೆ ನಡೆಯುವ ಓಡಾಟ ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ಹಗಲು ಕೆಂದಳಿಲು ಹಾರಿ ದಾಟುತ್ತದೆ, ರಾತ್ರಿ ಹಾರುಬೆಕ್ಕು ತೇಲಿ ದಾಟುತ್ತದೆ. ಕಾಡುಪಾಪಕ್ಕೆ ಎರಡೂ ಬಾರದು. ಅದು ಮುಂಗೈಯಿಂದ ಒಂದು ರೆಂಬೆ ಹಿಡಿದು, ಅದು ಗಟ್ಟಿಯೆಂದು ಖಾತ್ರಿಯಾದ ಮೇಲೆ ಹಿಂಗಾಲು ಬಿಡುವ ಪ್ರಾಣಿ. ನಡುವೆ ಮಾರುದ್ದದ ತೆರಪು ಬಿದ್ದರೆ ಅದು ನೆಲಕ್ಕಿಳಿದು ಡಾಂಬರಿನ ಮೇಲೆ ತೆವಳಬೇಕು, ಇಲ್ಲವೇ ಸಿಕ್ಕ ತಂತಿಯನ್ನು ಹಿಡಿಯಬೇಕು. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವಿನ ರಸ್ತೆ ದಾಟುವ ಸಿಂಗಳೀಕಗಳಿಗೆಂದು ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿದ್ದಾರೆ. ಒಳ್ಳೆಯ ಕೆಲಸ. ನಮ್ಮಲ್ಲಿ ಆ ಸೇತುವೆ ಈಗಾಗಲೇ ಇದೆ, ಕಡಿಯದಿದ್ದರೆ ಸಾಕು.

ಕಾನೂನಿನ ಮಾತಿಗೆ ಬರುತ್ತೇನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಾಮಗಾರಿಗೆಂದು 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ನಗರದ ಮೇಲ್ಸೇತುವೆಗಳಿಗೆ ಈ ಲೆಕ್ಕ ಹೊಂದುತ್ತದೆ. ನಮ್ಮ ಓಣಿಗಳಿಗೆ ಹೊಂದುವುದಿಲ್ಲ. ಇಲ್ಲಿ ಎರಡು ಮರ ಹೋದರೆ ಚಪ್ಪರವೇ ಹೋಯಿತು, ಐವತ್ತರ ಹತ್ತಿರ ಸುಳಿಯುವ ಪ್ರಶ್ನೆಯೇ ಇಲ್ಲ. ಹೀಗೆ ಎರಡೆರಡಾಗಿ ಹೋದ ಮರಗಳನ್ನು ಕೂಡಿಸಿ ನೋಡುವ ವ್ಯವಸ್ಥೆ ಇಲ್ಲ. ಮೈಸೂರು–ಕೋಯಿಕ್ಕೋಡ್ ಹೈಟೆನ್ಷನ್ ಮಾರ್ಗಕ್ಕೆ ಕೊಡಗಿನ ಸಾವಿರಾರು ಮರಗಳು ಉರುಳಿದಾಗ ಬೀದಿಗಿಳಿದವರು ನಾವು. ಮನೆಯ ಮುಂದಿನ ಎರಡು ಮರಕ್ಕೆ ಬೀದಿಗಿಳಿಯಲು ನಮಗೂ ಸಂಕೋಚ.

ಬೆಲೆ ಕಟ್ಟುವ ವಿಷಯದಲ್ಲೂ ಇದೇ ಕಥೆ. ಪಶ್ಚಿಮ ಬಂಗಾಳದ ಜೆಸ್ಸೋರ್ ರಸ್ತೆಯಲ್ಲಿ ಇಂಥದ್ದೇ ಹಳೆಯ ಚಪ್ಪರವಿದೆ. ಅಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ 356 ಮರ ಕಡಿಯುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದಾಗ, ಕೋರ್ಟು ನೇಮಿಸಿದ ತಜ್ಞರ ಸಮಿತಿ ಒಂದು ಮರದ ಬೆಲೆಯನ್ನು ವರ್ಷಕ್ಕೆ 74,500 ರೂಪಾಯಿ ಎಂದು ಲೆಕ್ಕ ಹಾಕಿತು. ಕೊನೆಗೆ 2023ರಲ್ಲಿ ಕಡಿಯಲು ಅನುಮತಿ ಸಿಕ್ಕಿತು, ಅದು ಬೇರೆ ಮಾತು. ನಮ್ಮ ರಾಜ್ಯದಲ್ಲಿ ಬೇರೆ ಉದಾಹರಣೆಯೂ ಇದೆ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡಲು ಹೊರಟಾಗ, ಸಾಲುಮರದ ತಿಮ್ಮಕ್ಕನವರು ಹುಲಿಕಲ್–ಕುದೂರು ನಡುವೆ ಬೆಳೆಸಿದ ಆಲದ ಮರಗಳಿಗೆ ಕುತ್ತು ಬಂದಿತ್ತು. ಮರ ಉಳಿಸಿ ರಸ್ತೆಗೆ ಬೇರೆ ದಾರಿ ನೋಡಿ ಎಂದು ಆಗಿನ ಸರ್ಕಾರವೇ ಹೇಳಿತು. ಅಂದರೆ ಮನಸ್ಸು ಮಾಡಿದರೆ ರಸ್ತೆಯ ಗೆರೆ ಬಾಗುತ್ತದೆ. ನೆಟ್ಟವರ ಹೆಸರು ನಾಡಿಗೆಲ್ಲ ಗೊತ್ತಿರಬೇಕು, ಅಷ್ಟೆ. ನಮ್ಮ ಓಣಿಯ ಮರಗಳನ್ನು ನೆಟ್ಟವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅರ್ಧ ಹಕ್ಕಿ ನೆಟ್ಟವು.

ಈಗ ಕೇಳುವುದನ್ನು ಕೇಳುತ್ತೇನೆ. ಒಂದೊಂದು ಗ್ರಾಮ ಪಂಚಾಯಿತಿಯಲ್ಲೂ ಇಂಥ ಚಪ್ಪರಗಳನ್ನು ಗುರುತಿಸಿ ಪಟ್ಟಿ ಮಾಡಿಸಿ. ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ, ಅವರ ದಾಖಲೆ ಪುಸ್ತಕದಲ್ಲಿ ಎಷ್ಟೋ ಗಿಡಮೂಲಿಕೆಗಳ ಹೆಸರಿದೆ, ಇದನ್ನೂ ಸೇರಿಸಲು ಹೊಸ ಕಾನೂನು ಬೇಡ. ಪಟ್ಟಿಯಲ್ಲಿ ಮರದ ಸಂಖ್ಯೆಗಿಂತ ಮುಖ್ಯವಾಗಿ ಜಾಗ ಇರಲಿ: ಇಂಥ ತಿರುವಿನಿಂದ ಇಂಥ ಮೋರಿಯವರೆಗೆ, ಇದು ಒಂದು ಚಪ್ಪರ, ಇದರಲ್ಲಿ ಇಂಥಿಂಥ ಮರ. ಆಮೇಲೆ ಆ ಜಾಗದಲ್ಲಿ ಯಾರೇ ಕತ್ತಿ ಎತ್ತಬೇಕಾದರೂ, ಯಾರೇ ಅಗೆಯಬೇಕಾದರೂ, ಮೂರೂ ಇಲಾಖೆಯವರು ಒಟ್ಟಿಗೆ ಬಂದು ನೋಡಿ ಸಹಿ ಹಾಕಲಿ. ಅಲ್ಲಿ ತಂತಿ ಬರಿಯದ್ದಾಗಿದ್ದರೆ ಹೊದಿಕೆ ಇರುವ ಬಂಚ್ಡ್ ಕೇಬಲ್ ಎಳೆಸಿ. ರಾಜ್ಯದ ಬೇರೆ ಕಡೆ ಅದು ಮಾಮೂಲಾಗಿದೆ. ಖರ್ಚು ಹೆಚ್ಚು ಎನ್ನುತ್ತೀರಿ, ಸರಿ, ಪ್ರತಿ ಮಳೆಗಾಲ ಕಂಬ ಎತ್ತಿ ನಿಲ್ಲಿಸುವ ಖರ್ಚನ್ನೂ ಅದರ ಪಕ್ಕದಲ್ಲಿ ಬರೆಯಿರಿ.

ಇನ್ನು ಕಡಿಯುವ ಕೈ. ಇದನ್ನು ಒತ್ತಿ ಹೇಳಬೇಕು. ಮರದ ಮೇಲೆ ಹತ್ತಿ, ಯಾವ ಕೊಂಬೆ ಬಿಡಬೇಕು, ಯಾವುದು ತೆಗೆಯಬೇಕು ಎಂದು ನೋಡಿ ಕಪಾತು ಮಾಡುವ ಕೆಲಸಗಾರರು ಕೊಡಗಿನಲ್ಲಿ ಇರುವಷ್ಟು ಇನ್ನೆಲ್ಲಿ ಇದ್ದಾರು? ಕಾಫಿ ತೋಟದ ನೆರಳು ಇವರ ಕೈಯಲ್ಲಿದೆ. ನೆರಳು ಹೆಚ್ಚಾದರೆ ಕೊಳೆರೋಗ, ಕಡಿಮೆಯಾದರೆ ಗಿಡ ಸುಡುತ್ತದೆ. ಆ ಹದ ತಪ್ಪದ ಹಾಗೆ ಒಂಟಿ ಬಿದಿರಿನ ಏಣಿ, ಒಂದು ಹಗ್ಗ, ಒಂದು ಕತ್ತಿಯಲ್ಲಿ ಮಾಡುತ್ತಾರೆ. ಕೊಂಬೆಗೆ ಮೊದಲು ಅಡಿಯಿಂದ ಗಾಯ ಕೊಟ್ಟು, ಆಮೇಲೆ ಮೇಲಿನಿಂದ ಕಡಿದು, ಕಾಂಡ ಸೇರುವಲ್ಲಿ ಉಬ್ಬಿರುವ ಬಳೆಯನ್ನು ಮುಟ್ಟದೆ ಮೋಟನ್ನು ಸವರುವುದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಾಗೆ ಕಡಿದ ಗಾಯ ತಾನಾಗಿ ಮುಚ್ಚುತ್ತದೆ. ಇವರಿಗೆ ಮರ ಹತ್ತುವವರ ವಿಮೆ, ಸೊಂಟಕ್ಕೆ ಬೆಲ್ಟು, ತಕ್ಕ ಕೂಲಿ ಕೊಟ್ಟು ಹೋಬಳಿಗೊಂದು ತಂಡ ಮಾಡಿದರೆ, ಕಡಿದ ಸೌದೆಯ ಮೇಲೆಯೇ ಕಣ್ಣಿಡುವ ಗುತ್ತಿಗೆ ಬೇಕಾಗುವುದಿಲ್ಲ.

ಬೆಳೆಗಾರರಾದ ನಮ್ಮನ್ನೂ ಬಿಡಬೇಡಿ. ಬೇಲಿಯಂಚಿನ ಮರ ಮಾರಿ ಅಲ್ಲಿ ಸಿಲ್ವರ್ ಓಕ್ ಸಾಲು ನೆಟ್ಟು ಮೆಣಸು ಹಬ್ಬಿಸಿದವರು ನಾವೇ. ಆಸ್ಟ್ರೇಲಿಯಾದಿಂದ ಬಂದ ಆ ಮರ ಬೇಗ ಬೆಳೆಯುತ್ತದೆ, ಕಡಿಯಲು ಕಚೇರಿ ಅಲೆಯಬೇಕಾಗಿಲ್ಲ, ಎಲ್ಲ ಒಳ್ಳೆಯದೇ. ಆದರೆ ಅದು ಕಂಬದಂತೆ ನೆಟ್ಟಗೆ ಹೋಗುತ್ತದೆ, ರಸ್ತೆಯ ಮೇಲೆ ಬಾಗುವುದು ಅದರ ಜಾಯಮಾನದಲ್ಲೇ ಇಲ್ಲ. ಚಪ್ಪರದ ಜಾಗದಲ್ಲಿ ಒಂದು ಮರ ಹೋದರೆ ಅಲ್ಲಿ ಹಲಸೋ ಅತ್ತಿಯೋ ನೇರಳೆಯೋ ಬರಬೇಕೆಂದು ಪಂಚಾಯಿತಿ ನಮ್ಮ ಬೆನ್ನು ಹತ್ತಲಿ. ಸಸಿ ನೆಟ್ಟ ದಿನದ ಫೋಟೊ ಬೇಡ, ಮೂರನೆಯ ಬೇಸಿಗೆಯ ಫೋಟೊ ಕೇಳಿ.

ಪ್ರವಾಸಿಗರ ಬಗ್ಗೆ ಒಂದೇ ಮಾತು. ಚಪ್ಪರದ ತಿರುವಿನಲ್ಲಿ ಕಾರು ಅಡ್ಡ ನಿಲ್ಲಿಸಿ ಡ್ರೋನ್ ಹಾರಿಸುವವರಿಗೆ ದಂಡ ಹಾಕಿ, ಆದರೆ ಅವರ ನೆಪದಲ್ಲಿ ರಸ್ತೆ ಅಗಲ ಮಾಡಬೇಡಿ. ಅವರು ಬರುತ್ತಿರುವುದು ಆ ಇಕ್ಕಟ್ಟನ್ನು ನೋಡಲು.

ನಮ್ಮ ಓಣಿಗೆ ಯಾವಾಗ ಬರುತ್ತೀರಿ ಎಂದು ಹಿಂದಿನ ದಿನ ಪಂಚಾಯಿತಿಗೆ ತಿಳಿಸಿದರೆ ಸಾಕು. ಕೊಯ್ಲಿನ ದಿನಗಳಾದರೂ ಪರವಾಗಿಲ್ಲ, ಏಣಿ, ಹಗ್ಗ, ಮರ ಹತ್ತುವವರು ನಮ್ಮ ಕಡೆಯಿಂದ ಇರುತ್ತಾರೆ. ಸರ್ವೆಯವರನ್ನು ಮಾತ್ರ ನೀವೇ ಕರೆತನ್ನಿ. ನಂದಿಮರ ಯಾರದ್ದು ಎಂಬುದನ್ನು ಅದರ ಬುಡದಲ್ಲೇ ನಿಂತು ತೀರ್ಮಾನಿಸೋಣ.

ಇಂತಿ,
ನಾಪೋಕ್ಲು ಕಡೆಯ ಒಬ್ಬ ಸಣ್ಣ ಬೆಳೆಗಾರ